ಬೇಸ್‌ಮೆಂಟಿಗೆ ಇಳಿಯದ ತೋಡಿ

ಏಳೆಂಟು ಕಿಲೋಮೀಟರ್. ನಮ್ಮ ಶಂಕರಪುರಂ ಮನೆಯಿಂದ ದೊಡ್ಡಪ್ಪ ಡಯಾಲಿಸಿಸ್‌ಗೆ ಹೋಗೋ ಆಸ್ಪತ್ರೆಗೆ ಇರೋ ದೂರ ಅಷ್ಟೇ. ಟ್ರಾಫಿಕ್ ಇಲ್ಲದಿದ್ರೆ ಆಟೋದಲ್ಲಿ ಅರ್ಧ ಗಂಟೆ. ಅಷ್ಟು ದೂರಕ್ಕೆ ಒಂದು ತೋಡಿಯನ್ನ ಮುಟ್ಟಿಸೋಕೆ ನನಗೆ ಹತ್ತತ್ರ ಎರಡು ತಿಂಗಳು ಬೇಕಾಯ್ತು. ಹಗಲೆಲ್ಲಾ ಯಾವುದೋ ದೇಶದ ಯಾವುದೋ ಕಂಪನಿಯ ಸರ್ವರ್‌ಗಳಿಗೆ ಜ್ವರ ಬಂದ್ರೆ ಮಾತ್ರೆ ಕೊಡೋದೇ ನನ್ನ ಹೊಟ್ಟೆಪಾಡು. ಅಂಥಾ ನನಗೆ ನಮ್ಮನೆಯ ಅಂಗೈಯಗಲದ ಪೆಟ್ಟಿಗೆಯೊಂದು ಏಳು ಕೆರೆ ನೀರು ಕುಡಿಸಿತು. ಅದರ ಪುರಾಣ ಇದು. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ :)

ದೊಡ್ಡಪ್ಪನ ಕ್ಯಾಸೆಟ್ಟುಗಳ ವಿಷಯ ಮೊದಲು ಹೇಳಬೇಕು. ನಾವಿರೋದು ಮಹಡಿ ಮೇಲೆ, ದೊಡ್ಡಪ್ಪ ದೊಡ್ಡಮ್ಮ ಕೆಳಗೆ. ಕೆಳಗಿನ ನಡುಮನೆಯಲ್ಲಿ ಒಂದು ಗಾಜಿನ ಬೀರು. ಬೇರೆಯವರ ಮನೆಯಲ್ಲಿ ಅಂಥಾ ಬೀರುವಿನಲ್ಲಿ ಬೆಳ್ಳಿ ಸಾಮಾನು ಇರುತ್ತೆ, ಇಲ್ಲಿ ಕ್ಯಾಸೆಟ್ಟು. ಬ್ಯಾಂಕಿನಲ್ಲಿದ್ದಷ್ಟು ಕಾಲ ಸಂಬಳದಲ್ಲಿ ಒಂದು ಪಾಲು ಖಾಲಿ ಕ್ಯಾಸೆಟ್ಟಿಗೆ ಹೋಗ್ತಿತ್ತಂತೆ. ಟಿಡಿಕೆ, ಸೋನಿ, ಕೈಯಲ್ಲಿ ಕಾಸಿಲ್ಲದಾಗ ಮೆಲ್‌ಟ್ರ್ಯಾಕ್. ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಆಕಾಶವಾಣಿಯ ಕಛೇರಿಗಳನ್ನ ಹಿಡಿದಿಟ್ಟಿದ್ದಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರೋ ರಾಮನವಮಿ ಸಂಗೀತ ನಿಮಗೆ ಗೊತ್ತೇ ಇದೆ. ಅಲ್ಲಿ ಪೆಂಡಾಲಿನ ಹೊರಗೆ, ರಸ್ತೆ ಬದಿಯಲ್ಲಿ ನಿಂತು ಹಿಡಿದ ಟೇಪುಗಳೂ ಇವೆ. ಅವುಗಳಲ್ಲಿ ರಾಗಕ್ಕಿಂತ ಆಟೋ ಹಾರ್ನ್ ಜಾಸ್ತಿ. ಪ್ರತಿಯೊಂದಕ್ಕೂ ಅವರದ್ದೇ ಮುತ್ತಿನಂಥಾ ಅಕ್ಷರದ ಚೀಟಿ: ಯಾರು, ಯಾವ ರಾಗ, ಪಿಟೀಲು ಯಾರು, ತಾರೀಖು.

ರೇಡಿಯೋದ ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡೋದರ ಒಂದು ಮಜಾ ಏನು ಅಂದ್ರೆ, ಮನೆಯೂ ರೆಕಾರ್ಡ್ ಆಗುತ್ತೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ತಾನದ ಮಧ್ಯೆ ಕುಕ್ಕರ್ ಮೂರು ವಿಸಿಲ್ ಹೊಡೆಯುತ್ತೆ. ಇನ್ನೊಂದರಲ್ಲಿ ಆಗಿನ್ನೂ ಹೊಸ ಮದುವಣಗಿತ್ತಿಯಾಗಿದ್ದ ದೊಡ್ಡಮ್ಮ "ರೀ, ಹಾಲಿನವನಿಗೆ ಚಿಲ್ಲರೆ ಕೊಡಿ" ಅಂತಾರೆ, ದೊಡ್ಡಪ್ಪ "ಶ್ಶ್ಶ್" ಅಂತಾರೆ, ಆಮೇಲೆ ಒಂದು ಪಾತ್ರೆ ಯಾಕೋ ಜೋರಾಗಿ ಕೆಳಗೆ ಬೀಳುತ್ತೆ.

ಇವನ್ನೆಲ್ಲಾ ಕಂಪ್ಯೂಟರಿಗೆ ಹಾಕಿಕೊಡ್ತೀನಿ ಅಂತ ನಾನು ಮಾತು ಕೊಟ್ಟಿದ್ದೆ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. 90 ನಿಮಿಷದ ಟೇಪಿಗೆ 90 ನಿಮಿಷ ಕೂರಲೇಬೇಕು. ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋ ಪುಟಾಣಿ ಮೆತ್ತೆ ಎಷ್ಟೋ ಕ್ಯಾಸೆಟ್ಟಿನಲ್ಲಿ ಉದುರಿಹೋಗಿತ್ತು. ಅಂಥವುಗಳ ಸ್ಕ್ರೂ ಬಿಚ್ಚಿ, ಸುರುಳಿಯನ್ನ ಬೇರೆ ಕ್ಯಾಸೆಟ್ಟಿನ ಹೊಟ್ಟೆಗೆ ಸೇರಿಸಬೇಕು. ವಾರಾಂತ್ಯದಲ್ಲಿ ಎರಡು ಮೂರು ಟೇಪಿನಂತೆ ಮಾಡ್ತಾ ಹೋದೆ. ಎಲ್ಲವೂ ಒಂದು ರಾಸ್ಪ್‌ಬೆರಿ ಪೈ ಒಳಗೆ ಸೇರಿದವು. ಮೇಲೆ ಜೆಲ್ಲಿಫಿನ್ ಅನ್ನೋ ತಂತ್ರಾಂಶ. 2018ರ ಕೊನೆಯಲ್ಲಿ ಎಂಬಿ ಅನ್ನೋ ತಂತ್ರಾಂಶದವರು ತಮ್ಮ ಮೂಲ ಕೋಡನ್ನ ಮುಚ್ಚಿಟ್ಟಾಗ, ಮುನಿಸಿಕೊಂಡ ಕೆಲವರು ಅಲ್ಲಿವರೆಗಿನ ಕೋಡ್ ಎತ್ತಿಕೊಂಡು ಬೇರೆ ಮನೆ ಹೂಡಿದ್ದು ಇದು. ಪುಕ್ಕಟೆ. ನಮ್ಮ ಹಾಡು ನಮ್ಮ ಪೆಟ್ಟಿಗೆಯಲ್ಲೇ ಇರುತ್ತೆ, ಕೇಳೋಕೆ ಗುರುತಿನ ಹೆಸರು ಮತ್ತು ಪಾಸ್‌ವರ್ಡ್ ಬೇಕು. ಮನೆಯವರ ಹೊರತು ಯಾರಿಗೂ ಕೊಟ್ಟಿಲ್ಲ. ನೀವೂ ಕೇಳಬೇಡಿ :)

ಅಷ್ಟರಲ್ಲಿ ದೊಡ್ಡಪ್ಪನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ 3 ದಿನ, ದಿನಕ್ಕೆ 4 ಗಂಟೆ ಡಯಾಲಿಸಿಸ್. ಎಡಗೈಯಲ್ಲಿ ರಕ್ತನಾಳ ಎರಡನ್ನ ಸೇರಿಸಿ ಫಿಸ್ಟುಲಾ ಅಂತ ಮಾಡ್ತಾರೆ. ಅದಕ್ಕೆ ಎರಡು ದಪ್ಪ ಸೂಜಿ. ಒಂದರಲ್ಲಿ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸೋಸಿಕೊಂಡು, ಇನ್ನೊಂದರಲ್ಲಿ ವಾಪಸ್ ಬರುತ್ತೆ. ಅಷ್ಟು ಹೊತ್ತೂ ಆ ಕೈ ಅಲ್ಲಾಡಿಸೋ ಹಾಗಿಲ್ಲ. ಕುಡಿಯೋ ನೀರಿಗೂ ಲೆಕ್ಕ. ರಂಗರಾವ್ ರಸ್ತೆಯ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ತಿಂದು, ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡು, ಕಾಫಿ ಕುಡಿದು ಬರೋದು ದೊಡ್ಡಪ್ಪನ ನಿತ್ಯದ ಸಂಧ್ಯಾವಂದನೆ. ಈಗ ತೆಂಗಿನಕಾಯಿಯಲ್ಲಿ ಪೊಟ್ಯಾಸಿಯಂ ಅಂತ ಚಟ್ನಿಗೂ ಕಡಿವಾಣ, ಕಾಫಿಗೂ ಕಡಿವಾಣ. ಆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಆಟೋ ಹೋಗಲಿ ಅಂತಾರೆ ಈಗೀಗ.

ಫಿಸ್ಟುಲಾ ಆಪರೇಷನ್ನಿಗೆ ಅವರು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೆಲವು ದಿನ ಇದ್ದರು. ಅಲ್ಲಿಗೆ ಹಾಡು ಕಳಿಸೋ ಹುಚ್ಚು ನನಗೆ ಹಿಡಿದಿದ್ದು ಆಗಲೇ. ಮೊದಲನೇ ಗೋಡೆಯೂ ಆಗಲೇ ಸಿಕ್ಕಿದ್ದು, ಅದೂ ನಮ್ಮನೆಯಲ್ಲೇ. ರೂಟರ್ ಒಳಗೆ ಇಣುಕಿದರೆ ನಮ್ಮ ಐಪಿ ವಿಳಾಸ 100.72 ಅಂತ ಶುರುವಾಗ್ತಿತ್ತು. ನಮ್ಮ ವೃತ್ತಿಯವರು ಇದನ್ನ ನೋಡಿದ ತಕ್ಷಣ ನಿಟ್ಟುಸಿರು ಬಿಡ್ತಾರೆ. ಯಾಕೆ ಅಂತ ದೊಡ್ಡಮ್ಮನಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ.

ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಹತ್ತು ಸಂಸಾರ, ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್. ಒಳಗಿರೋರು ಹೊರಗೆ ಹೋಗಿ ಯಾರಿಗೆ ಬೇಕಾದ್ರೂ ಕಾಗದ ಹಾಕಬಹುದು, ಅದಕ್ಕೆ ಬಂದ ಉತ್ತರವನ್ನ ಬಾಗಿಲಲ್ಲಿ ಕೂತ ಓನರ್ ಅವರವರ ಮನೆಗೆ ತಲುಪಿಸ್ತಾನೆ. ಆದರೆ ಪರ ಊರಿನವನೊಬ್ಬ ತಾನಾಗೇ ಬಂದು "ಹಾಡು ಹೇಳೋರ ಮನೆ ಯಾವುದು?" ಅಂದ್ರೆ ಓನರ್‌ಗೆ ಗೊತ್ತಿಲ್ಲ. ಬಾಗಿಲು ಹಾಕ್ಕೊಳ್ತಾನೆ. ಹಳೇ ಪದ್ಧತಿಯ ಐಪಿ ವಿಳಾಸಗಳು ಇರೋದೇ 429 ಕೋಟಿ ಚಿಲ್ಲರೆ. ಜಗತ್ತಿನ ಕೇಂದ್ರ ಉಗ್ರಾಣ 2011ರ ಫೆಬ್ರವರಿಯಲ್ಲಿ ಖಾಲಿಯಾಯ್ತು, ಅದೇ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ ಭಾಗದ ಉಗ್ರಾಣವೂ ತಳ ಕಂಡಿತು. ಮಾರನೇ ವರ್ಷ, 2012ರಲ್ಲಿ, 100.64ರಿಂದ 100.127ರವರೆಗಿನ ನಂಬರುಗಳನ್ನ ಇಂಥಾ ವಠಾರಗಳಿಗೇ ಅಂತ ಎತ್ತಿಟ್ಟರು. ನಮ್ಮನೆ ಇಂಟರ್ನೆಟ್ ಕೊಡೋರು ಇಡೀ ಏರಿಯಾವನ್ನ ಒಂದು ವಠಾರ ಮಾಡಿದ್ದಾರೆ. ತಪ್ಪು ಅವರದ್ದೂ ಅಲ್ಲ, ಹಂಚೋಕೆ ವಿಳಾಸವೇ ಇಲ್ಲ. ಹೊಸ ಪದ್ಧತಿಯ ಐಪಿವಿ6 ವಿಳಾಸ ನಮಗಿದೆ, ಆದರೆ ಅದು ಎರಡೂ ಕಡೆ ಇದ್ದರೆ ಮಾತ್ರ ಉಪಯೋಗ.

ಇದಕ್ಕೆ ಮದ್ದು ಸುಲಭ. ಬೀದಿಯಲ್ಲಿ ಸ್ವಂತ ಡೋರ್ ನಂಬರ್ ಇರೋ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ. ನಮ್ಮನೆ ಪೆಟ್ಟಿಗೆ ತಾನಾಗೇ ಹೊರಗೆ ಹೋಗಿ ಆ ಸರ್ವರ್ ಕೈ ಹಿಡಿದುಕೊಂಡು ನಿಲ್ಲುತ್ತೆ, ಹೊರಗಿನವರು ಆ ಸರ್ವರ್ ಬಾಗಿಲು ತಟ್ಟಿದರೆ ಹಾಡು ಅದೇ ಕೈಯಲ್ಲಿ ಹರಿದು ಬರುತ್ತೆ. ಜೆಲ್ಲಿಫಿನ್‌ನ ಮಾಮೂಲಿ ಬಾಗಿಲು 8096. ಅದನ್ನೇ ಹಾಗೇ ತೆರೆದಿಟ್ಟೆ, ಗೂಢಲಿಪಿಯ ಬೀಗ ಕೂಡ ಹಾಕದೆ. ಆಫೀಸಿನಲ್ಲಿ ಜೂನಿಯರ್ ಯಾರಾದ್ರೂ ಹೀಗೆ ಮಾಡಿದ್ರೆ ಅರ್ಧ ಗಂಟೆ ಭಾಷಣ ಕೊಡೋ ಆಸಾಮಿ ನಾನು. ಮನೆ ಕೆಲಸ ಅಂದ್ರೆ ಬುದ್ಧಿ ಯಾಕೋ ಪಂಚೆ ಉಟ್ಟುಕೊಂಡು ಕೂತುಬಿಡುತ್ತೆ.

ಮೊಬೈಲ್ ಡೇಟಾದಲ್ಲಿ ಮೂರನೇ ಮಹಡಿಯಲ್ಲಿ ಹಾಡು ಬಂತು. ಅವತ್ತು ಸಾಯಂಕಾಲ ಒಂದು ತಮಾಷೆ ನಡೀತು. ದೊಡ್ಡಪ್ಪ ಫೋನನ್ನ ದಿಂಬಿನ ಪಕ್ಕ ಇಟ್ಟು ಸುಮ್ಮನೆ ಮಲಗಿದ್ದಾರೆ. ಇದ್ದಕ್ಕಿದ್ದ ಹಾಗೆ ಅದು ತಾನೇ ಭೈರವಿ ಶುರು ಮಾಡಿತು. ನಿಲ್ಲಿಸಿದರು. ಐದು ನಿಮಿಷ ಬಿಟ್ಟು ಮತ್ತೆ ಬೇರೆ ಹಾಡು. ನನಗೆ ಫೋನ್ ಮಾಡಿ, "ಲೋ ಪುಟ್ಟ, ನಿನ್ನ ಯಂತ್ರಕ್ಕೆ ದೆವ್ವ ಮೆಟ್ಟಿಕೊಂಡಿದೆ" ಅಂದ್ರು. ಕೆಳಗೆ ಓಡಿ ನೋಡಿದರೆ ದೊಡ್ಡಮ್ಮ ಟ್ಯಾಬ್ಲೆಟ್ ಹಿಡಿದು, "ಎಷ್ಟು ಒತ್ತಿದ್ರೂ ಇದರಲ್ಲಿ ಹಾಡೇ ಬರ್ತಿಲ್ಲ ಕಣೋ" ಅಂತ ಕೂತಿದ್ದಾರೆ. ಇಬ್ಬರದ್ದೂ ಒಂದೇ ಗುರುತು. ಜೆಲ್ಲಿಫಿನ್‌ನಲ್ಲಿ ಒಂದು ಉಪಕರಣದಿಂದ ಇನ್ನೊಂದರಲ್ಲಿ ಹಾಡಿಸೋ ಗುಂಡಿ ಒಂದಿದೆ, ದೊಡ್ಡಮ್ಮ ಅದನ್ನ ಒತ್ತಿಬಿಟ್ಟಿದ್ರು. ಮುಟ್ಟಿದ್ದು ಶಂಕರಪುರಂನಲ್ಲಿ, ಹಾಡಿದ್ದು ಆಸ್ಪತ್ರೆಯಲ್ಲಿ.

ಸರಿಮಾಡೋಕೆ ಹೋದೆ, ಇಬ್ಬರೂ ಬಿಡಲಿಲ್ಲ. ಅಲ್ಲಿಂದಾಚೆ ಅದೇ ಆಟ. ದೊಡ್ಡಮ್ಮ ಹಾಕೋದು, ದೊಡ್ಡಪ್ಪ ಕೇಳೋದು. ಒಂದು ಹಾಡು ಇಷ್ಟವಾಗದಿದ್ರೆ ದೊಡ್ಡಪ್ಪ ಅರ್ಧಕ್ಕೆ ನಿಲ್ಲಿಸೋರು, ಟ್ಯಾಬ್ಲೆಟ್‌ನಲ್ಲಿ ನಿಂತಿದ್ದು ಕಂಡು ದೊಡ್ಡಮ್ಮ "ಓಹೋ" ಅಂದು ಬೇರೆ ಹಾಕೋರು. ಮಾತಿಲ್ಲ ಕತೆಯಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಬೀರುವಿನ ಕೀಲಿ ದೊಡ್ಡಮ್ಮನ ಕೈಗೆ ಬಂದಿದ್ದು ಇದೇ ಮೊದಲು. "ನಮ್ಮನೆ ಆಕಾಶವಾಣಿ" ಅಂತ ದೊಡ್ಡಪ್ಪ ಹೆಸರಿಟ್ಟರು.

ಹೆಸರೇನೂ ತೀರಾ ಉತ್ಪ್ರೇಕ್ಷೆ ಅಲ್ಲ. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಸ್ವಂತ ಮನೆಯಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದ್ರಲ್ಲ, ಆಕಾಶವಾಣಿ ಅನ್ನೋ ಹೆಸರು ಇದ್ದಿದ್ದು ಅದಕ್ಕೇ. ಬೆಂಗಳೂರಿಗೆ ಕೇಂದ್ರ ಬಂದಿದ್ದು 1955ರಲ್ಲಿ. ಮನೆಯಿಂದ ಹಾಡು ಕಳಿಸೋದು ನಮ್ಮ ಕಡೆ ಹೊಸ ಚಾಳಿಯೇನಲ್ಲ.

ಆಮೇಲೆ ಶುರುವಾಯ್ತು ನಿಜವಾದ ಕಷ್ಟ. ಡಯಾಲಿಸಿಸ್ ಘಟಕ ಇರೋದು ಬೇಸ್‌ಮೆಂಟಿನಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಮೊದಲ ವಾರ ದೊಡ್ಡಪ್ಪ ತಡಕೊಂಡರು. ಎರಡನೇ ವಾರ ಎರಡೂವರೆ ಗಂಟೆಗೇ "ಬಿಚ್ಚಿ, ಸಾಕು" ಅಂತ ಗಲಾಟೆ. ಬಲವಂತವಾಗಿ ಹಿಡಿದು ಕೂರಿಸೋ ಹಾಗಿಲ್ಲ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಚ್ಚುತ್ತಾರೆ. ಒಂದು ದಿನ ಹೀಗಾದ್ರೆ ಪರವಾಗಿಲ್ಲ, ಅಭ್ಯಾಸ ಆದ್ರೆ ಮೈಯಲ್ಲಿ ನೀರು ಉಳಿಯುತ್ತೆ, ಹೃದಯಕ್ಕೆ ಹೊರೆ ಅಂತ ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ರು. ದೊಡ್ಡಮ್ಮ ಪಕ್ಕದಲ್ಲಿ ಕೂರೋಣ ಅಂದ್ರೆ ಒಳಗೆ ಜೊತೆಯವರನ್ನ ಬಿಡೋಲ್ಲ, ಅವರ ಮಂಡಿಗೂ ಆ ಓಡಾಟ ಆಗೋಲ್ಲ.

ಈಗ ನೀವು ಕೇಳ್ತೀರ: ಅಲ್ಲಯ್ಯ, ಹಾಡನ್ನ ಫೋನಿಗೇ ತುಂಬಿಸಿ ಕೊಡಬಾರದಾ? ಕೊಟ್ಟೆ. ನಾನೂ ಅಷ್ಟು ದಡ್ಡನಲ್ಲ. ಐವತ್ತು ಕಛೇರಿ ತುಂಬಿಸಿ ಕೊಟ್ಟೆ. ಎರಡು ದಿನ ಕೇಳಿದರು, ಮೂರನೇ ದಿನ ಫೋನ್ ತೆಗೆಯಲೇ ಇಲ್ಲ. ಕೇಳಿದ್ದಕ್ಕೆ, "ಇದು ನಾನೇ ಹಾಕ್ಕೊಂಡು ನಾನೇ ಕೇಳೋದು ಕಣೋ. ಮನೇಲಿ ಯಾರೂ ಇಲ್ಲ ಅನ್ನಿಸುತ್ತೆ" ಅಂದು ಆ ಕಡೆ ತಿರುಗಿಕೊಂಡರು. ದೊಡ್ಡಪ್ಪನ ಬಾಯಲ್ಲಿ ಅಂಥಾ ಮಾತು ನಾನು ಕೇಳಿದ್ದು ಅದೇ ಮೊದಲು. ನಾನು ಹಟ ಹಿಡಿದೆ.

ಬೇಸ್‌ಮೆಂಟಿನಲ್ಲಿ ಆಸ್ಪತ್ರೆಯ ಅತಿಥಿ ವೈಫೈ ಇದೆ. ಸೇರಿಕೊಂಡರೆ ಒಂದು ಪುಟ ತೆರೆಯುತ್ತೆ, ಮೊಬೈಲ್ ನಂಬರ್ ಕೇಳುತ್ತೆ, ಆ ನಂಬರಿಗೆ ಓಟಿಪಿ ಕಳಿಸುತ್ತೆ. ಎಲ್ಲಿಗೆ? ಸಿಗ್ನಲ್ಲೇ ಇಲ್ಲದ ಬೇಸ್‌ಮೆಂಟಿನಲ್ಲಿರೋ ಮೊಬೈಲಿಗೆ! ಇದನ್ನ ಯೋಚಿಸಿದ ಪುಣ್ಯಾತ್ಮನಿಗೆ ಕೈಮುಗಿಯಬೇಕು. ಹಾಗಾಗಿ ದೊಡ್ಡಪ್ಪ ಮೇಲೆ ಲಾಬಿಯಲ್ಲೇ ಲಾಗಿನ್ ಆಗಿ ಕೆಳಗೆ ಇಳಿಯೋದು ಅಂತಾಯ್ತು.

ಇಳಿದರು. ಹಾಡು ಬರಲಿಲ್ಲ. ನಾನು ಇನ್ನೊಂದು ದಿನ ಲಾಬಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತು ನೋಡಿದೆ. ಆ ಜಾಲ ಹೊರಗೆ ಬಿಡೋದು 80 ಮತ್ತು 443ನೇ ಬಾಗಿಲು ಮಾತ್ರ, ಅಂದ್ರೆ ಮಾಮೂಲಿ ವೆಬ್ ಪುಟಗಳು ಓಡಾಡೋ ದಾರಿ. ನನ್ನ 8096 ಅಲ್ಲಿಗೆ ಅಪರಿಚಿತ. ವಾಟ್ಸ್ಆ್ಯಪ್ ಕರೆಯೂ ಹೋಗ್ತಿರಲಿಲ್ಲ. ಸರಿ, ಬಾಡಿಗೆ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಕೂರಿಸಿ, ಪುಕ್ಕಟೆ ಸಿಗೋ ಒಂದು ಹೆಸರು ತಗೊಂಡು, ಪುಕ್ಕಟೆ ಪ್ರಮಾಣಪತ್ರ ಹಾಕಿ, ಎಲ್ಲವನ್ನೂ 443ಕ್ಕೆ ತಂದೆ. ಬೀಗವೂ ಬಿತ್ತು, ಹಳೇ ಪಾಪವೂ ಕಳೀತು ಅಂದುಕೊಂಡೆ. ಹಾಡನ್ನೂ ಸಣ್ಣದು ಮಾಡಿದೆ. ಹಳೇ ರೇಡಿಯೋ ಟೇಪಿಗೆ ಸೆಕೆಂಡಿಗೆ 64 ಕಿಲೋಬಿಟ್ ಧಾರಾಳ ಸಾಕು, 4 ಗಂಟೆಗೆ ಒಟ್ಟು 115 ಎಂಬಿ. ಈಗಿನ ಲೆಕ್ಕದಲ್ಲಿ ಅದು ಒಂದು ಮದುವೆ ವಿಡಿಯೋದ ಚೂರು.

ಎರಡು ದಿನ ಬಂತು. ಆದರೆ ಅರ್ಧಂಬರ್ಧ. ಒಂದು ಗಂಟೆ ಹಾಡಿದ್ರೆ ಉಂಟು, ಅರ್ಧ ಗಂಟೆಗೇ ನಿಂತರೂ ಉಂಟು. ನಿಂತ ಮೇಲೆ ಮತ್ತೆ ಇಲ್ಲ. ನಾನು ಮೆಮೊರಿ ಕಾರ್ಡ್ ಮೇಲೆ ಅನುಮಾನ ಪಟ್ಟೆ, ಬದಲಾಯಿಸಿದೆ. ಸರ್ವರ್ ಮೇಲೆ ಅನುಮಾನ ಪಟ್ಟೆ. ನಮ್ಮ ಬೀದಿಯ ಕರೆಂಟಿನ ಮೇಲೆ ಅನುಮಾನ ಪಟ್ಟು ರೂಟರಿಗೆ ಯುಪಿಎಸ್ ತಂದೆ. ಕೊನೆಗೆ ಒಂದು ರಾತ್ರಿ ಸರ್ವರ್‌ನ ದಾಖಲೆಗಳನ್ನ ಕಾಗದದ ಮೇಲೆ ಬರೆದುಕೊಂಡು ಕೂತೆ. ನಿಂತ ಹೊತ್ತುಗಳಿಗೆ ತಮ್ಮತಮ್ಮಲ್ಲಿ ಏನೂ ಸಂಬಂಧ ಇರಲಿಲ್ಲ. ಆದರೆ ದೊಡ್ಡಪ್ಪನ ಫೋನಿಗೆ ಓಟಿಪಿ ಬಂದ ಹೊತ್ತನ್ನ ಪಕ್ಕದಲ್ಲಿ ಬರೆದಾಗ ಹಣೆ ಚಚ್ಚಿಕೊಂಡೆ. ಪ್ರತಿ ಸಲವೂ ಸರಿಯಾಗಿ 60 ನಿಮಿಷ. ವೈಫೈ ಒಂದು ಗಂಟೆಗೊಮ್ಮೆ ಎಲ್ಲರನ್ನೂ ಹೊರಗೆ ಹಾಕಿ ಮತ್ತೆ ಓಟಿಪಿ ಕೇಳ್ತಿತ್ತು. ಲಾಬಿಯಲ್ಲಿ ಲಾಗಿನ್ ಆಗಿ, ತೂಕ ನೋಡಿಸಿ, ಬಿಪಿ ನೋಡಿಸಿ, ಸೂಜಿ ಹಾಕಿಸಿಕೊಳ್ಳೋ ಹೊತ್ತಿಗೆ ಅದರಲ್ಲಿ ಅರ್ಧ ಖರ್ಚಾಗಿರ್ತಿತ್ತು. ಇಲ್ಲದ ಕಾಯಿಲೆಗೆ ನಾನು ಮೂರು ವಾರ ಮದ್ದು ಅರೆದಿದ್ದೆ.

ಇಲ್ಲಿ ಸಿಸ್ಟರ್ ಒಬ್ಬರು ಬರ್ತಾರೆ. ಹಾಸನದ ಕಡೆಯ ಹುಡುಗಿ, ನನಗಿಂತ ಚಿಕ್ಕವರು. ದೊಡ್ಡಪ್ಪನ ಒದ್ದಾಟ ನೋಡಿ, ತಾವು ಟೀ ಕುಡಿಯೋಕೆ ಮೇಲೆ ಹೋಗುವಾಗ ಅವರ ಫೋನನ್ನೂ ತಗೊಂಡು ಹೋಗಿ ಓಟಿಪಿ ಹಾಕಿ ತರೋಕೆ ಶುರು ಮಾಡಿದ್ರು. ಒಂದು ನಂಬರಿಗೆ ದಿನಕ್ಕೆ ಇಷ್ಟೇ ಸಲ ಅಂತ ಮಿತಿ ಇತ್ತು. ಅದು ಮುಗಿದಾಗ ತಮ್ಮದೇ ನಂಬರ್ ಹಾಕಿ ಕೊಟ್ಟರು. ಇದು ನನಗೆ ಗೊತ್ತಿತ್ತು. ಥ್ಯಾಂಕ್ಸ್ ಅಂದು ಸುಮ್ಮನಾದೆ.

ಒಂದು ಸೋಮವಾರ ನನ್ನ ಪುಕ್ಕಟೆ ಹೆಸರಿನ ತಾಣಕ್ಕೆ ಹೋದರೆ "ನಿರ್ಬಂಧಿಸಲಾಗಿದೆ" ಅನ್ನೋ ಕೆಂಪು ಪುಟ ಬಂತು. ಆ ತರಹದ ಪುಕ್ಕಟೆ ಹೆಸರುಗಳನ್ನ ಕಳ್ಳ ತಂತ್ರಾಂಶದವರೂ ತುಂಬಾ ಬಳಸ್ತಾರೆ, ಅದಕ್ಕೇ ಸೋಸುವ ಫೈರ್‌ವಾಲ್‌ಗಳು ಅವನ್ನ ಇಡೀ ಗುಂಪಾಗಿ ಆಚೆ ಇಡ್ತವೆ. ಹಣ ಕೊಟ್ಟು ಸ್ವಂತ ಹೆಸರು ಕೊಂಡೆ. ಅದೂ ಕೆಂಪು. ಹೊಸದಾಗಿ ಹುಟ್ಟಿದ ಹೆಸರುಗಳೂ ಅನುಮಾನದ ಪಟ್ಟಿಯಲ್ಲೇ ಇರ್ತವೆ, ಕೆಲವು ವಾರ ಕಾಯಬೇಕು.

ಕಾಯಬೇಕಿತ್ತು. ಅಥವಾ ಯಾರನ್ನಾದ್ರೂ ಕೇಳಬೇಕಿತ್ತು. ನಾನು ಎಂಜಿನಿಯರ್ ಅಲ್ವಾ, ಗೋಡೆ ಕಂಡರೆ ಕನ್ನ ಕೊರೆಯೋದೇ ಬುದ್ಧಿವಂತಿಕೆ. ದೊಡ್ಡಪ್ಪನ ಫೋನಿನಿಂದ ನನ್ನ ಸರ್ವರ್‌ಗೆ, ಹೆಸರೇ ಇಲ್ಲದೆ ಬರೀ ಐಪಿ ನಂಬರಿಗೆ, ನೋಡಿದವರಿಗೆ ಮಾಮೂಲಿ ವೆಬ್ ಪುಟದ ಹಾಗೆ ಕಾಣೋ ಒಂದು ಸುರಂಗ ತೋಡಿದೆ. ಒಳಗೆ ಏನು ಹೋದ್ರೂ ಫೈರ್‌ವಾಲ್‌ಗೆ ಕಾಣೋಲ್ಲ. ರಾತ್ರಿ ಎರಡು ಗಂಟೆಗೆ ಅದು ಕೆಲಸ ಮಾಡಿದಾಗ ಒಬ್ಬನೇ ಕೂತು ನಕ್ಕಿದ್ದೆ. ಬುಧವಾರ 4 ಗಂಟೆಯೂ ಹಾಡು ಬಂತು. ಶುಕ್ರವಾರ ಮಧ್ಯಾಹ್ನ ನಿಂತಿತು.

ಸಾಯಂಕಾಲ ಕರ್ಕೊಂಡು ಬರೋಕೆ ಹೋದಾಗ ದೊಡ್ಡಪ್ಪ ಆಟೋ ಹತ್ತೋವರೆಗೂ ಮಾತಾಡಲಿಲ್ಲ. ಹತ್ತಿದ ಮೇಲೆ, "ಆ ಮಗೂನ ಮೇಲೆ ಕರೆಸಿದ್ರಂತೆ ಕಣೋ" ಅಂದ್ರು. ಫೈರ್‌ವಾಲ್ ನನ್ನ ಸುರಂಗವನ್ನ ಗುರುತಿಸಿತ್ತು. ಆ ಹೊತ್ತಿನಲ್ಲಿ ಫೋನು ಲಾಗಿನ್ ಆಗಿದ್ದು ಸಿಸ್ಟರ್ ನಂಬರಿನಲ್ಲಿ. ಆಸ್ಪತ್ರೆಯ ಜಾಲದಿಂದ ಕದ್ದುಮುಚ್ಚಿ ಏನನ್ನ, ಯಾರಿಗೆ ಕಳಿಸ್ತಿದ್ದೀಯ ಅಂತ ಅವರನ್ನ ಕೂರಿಸಿ ಕೇಳಿದ್ದಾರೆ, ಬರೆದುಕೊಡು ಅಂದಿದ್ದಾರೆ. ಪಾಪ, ಅವರಿಗೆ ಸುರಂಗ ಅಂದ್ರೇನು ಅಂತಾನೇ ಗೊತ್ತಿಲ್ಲ. "ತಾತನಿಗೆ ಹಾಡು ಹಾಕಿಕೊಟ್ಟೆ" ಅಂದ್ರಂತೆ.

"ಅವಳ ಕೆಲಸಕ್ಕೆ ಕುತ್ತು ತರೋ ತೋಡಿ ನಂಗೆ ಬೇಡ" ಅಂದ್ರು ದೊಡ್ಡಪ್ಪ. ನಮ್ಮನೆ ಬರೋವರೆಗೂ ಮತ್ತೆ ಮಾತಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಸುರಂಗ ಎಲ್ಲಿ ಸಿಕ್ಕಿಬಿತ್ತು, ಮುಂದಿನ ಸಲ ಹೇಗೆ ಮಾಡಬೇಕು ಅನ್ನೋದೇ. ಸಿಸ್ಟರ್ ನೆನಪಾಗಿದ್ದು ಅದಾದ ಮೇಲೆ. ಇದನ್ನ ಇಲ್ಲಿ ಬರೆಯೋಕೂ ನಾಚಿಕೆ ಆಗುತ್ತೆ.

ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಐಟಿ ವಿಭಾಗ ಹುಡುಕಿಕೊಂಡು ಹೋದೆ. ಕ್ಯಾಂಟೀನಿನ ಹಿಂದೆ ಒಂದು ಕಿಟಕಿ ಇಲ್ಲದ ಕೋಣೆ, ಒಳಗೆ ನನ್ನದೇ ವಯಸ್ಸಿನ ಒಬ್ಬ, ನನ್ನ ಹಾಗೇ ಕಣ್ಣ ಕೆಳಗೆ ಕಪ್ಪು. ಎಲ್ಲಾ ಹೇಳಿದೆ. ಮಾಡಿದ್ದು ನಾನು, ಸಿಸ್ಟರ್‌ಗೆ ಏನೂ ಗೊತ್ತಿಲ್ಲ, ಬರೆದುಕೊಡ್ತೀನಿ ಅಂದೆ. ಕೇಳಿಸಿಕೊಂಡು, "ಸರ್, ನೀವೂ ಇದೇ ಫೀಲ್ಡಾ?" ಅಂದ. ಹೌದು ಅಂದೆ. "ಹಾಗಾದ್ರೆ ಇನ್ನೂ ತಪ್ಪು" ಅಂದ!

2022ರ ನವೆಂಬರ್ ನೆನಪಿಸಿದ. ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ದಾಳಿಯಾಗಿ ಎಷ್ಟೋ ದಿನ ಚೀಟಿ, ರಿಪೋರ್ಟು ಎಲ್ಲಾ ಕೈಬರಹದಲ್ಲಿ ನಡೀತಲ್ಲ, ಆವಾಗ ದೇಶದ ಎಲ್ಲಾ ಆಸ್ಪತ್ರೆಗಳ ಐಟಿಯವರ ನಿದ್ದೆ ಹೋಗಿದೆ ಅಂದ. ಅದಕ್ಕೂ ಮುಂಚೆ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಬಂದು ಬ್ರಿಟನ್ನಿನ ಆಸ್ಪತ್ರೆಗಳು ಆಪರೇಷನ್ನುಗಳನ್ನೇ ಮುಂದೂಡಿದ್ದು ನನಗೇ ಗೊತ್ತಿತ್ತು, ಆಫೀಸಿನಲ್ಲಿ ಅದರ ಬಗ್ಗೆ ಸ್ಲೈಡ್ ಮಾಡಿ ತೋರಿಸಿದ್ದೆ. ಅತಿಥಿ ವೈಫೈಯನ್ನ ಯಂತ್ರಗಳ ಜಾಲದಿಂದ ಬೇರೆ ಇಟ್ಟಿದ್ದಾರೆ, ಆದ್ರೂ ಒಳಗಿಂದ ಒಂದು ಗುಟ್ಟಿನ ಸುರಂಗ ಹೊರಗೆ ಹೋಗ್ತಿದೆ ಅಂದ್ರೆ ಅದರಲ್ಲಿ ತೋಡಿ ಇದೆಯೋ ರೋಗಿಗಳ ದಾಖಲೆ ಇದೆಯೋ ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಅವನ ಜಾಗದಲ್ಲಿ ಇದ್ದಿದ್ರೂ ಅದನ್ನೇ ಮಾಡ್ತಿದ್ದೆ.

"ಮೊದಲೇ ಬಂದು ಕೇಳಬಹುದಿತ್ತಲ್ಲ ಸರ್" ಅಂದ. ಡಯಾಲಿಸಿಸ್‌ನಂತೆ ಪದೇ ಪದೇ ಬರೋ ರೋಗಿಗಳಿಗೆ ಒಂದು ಚೀಟಿ ವ್ಯವಸ್ಥೆ ಇದೆಯಂತೆ. ಫೋನನ್ನ ಒಮ್ಮೆ ನೋಂದಾಯಿಸಿದ್ರೆ ಆರು ತಿಂಗಳು ಓಟಿಪಿ ಬೇಡ. ಯಾರೂ ಕೇಳದೇ ಇರೋದ್ರಿಂದ ಯಾರಿಗೂ ಗೊತ್ತಿಲ್ಲ. ನನ್ನ ಹೊಸ ಹೆಸರನ್ನ ತೆರೆದು ನೋಡಿದ, ಸುತ್ತಮುತ್ತ ಒಂದಿಷ್ಟು ಪರೀಕ್ಷೆ ಮಾಡಿದ, ಮೇಲಿನವರಿಗೆ ಒಂದು ಪತ್ರ ಬರೆಸಿದ. ಸಿಸ್ಟರ್ ವಿಷಯಕ್ಕೆ ನನ್ನ ಹೇಳಿಕೆಯನ್ನ ಪ್ರತ್ಯೇಕವಾಗಿ ಬರೆಸಿಕೊಂಡು ಸೂಪರಿಂಟೆಂಡೆಂಟ್‌ಗೆ ತಲುಪಿಸಿದ. ಅದು ಅಲ್ಲಿಗೇ ಮುಗೀತು. ಎರಡು ತಿಂಗಳ ಕನ್ನಗಾರಿಕೆ ಒಂದು ಗಂಟೆಯ ಅರ್ಜಿಯ ಎದುರು ಸೋತಿತು.

ಸಿಸ್ಟರ್‌ಗೆ ತಪ್ಪಾಯ್ತು ಅಂತ ಹೇಳೋಕೆ ಕೆಳಗೆ ಹೋದೆ. ಅವರು ಯಾರದ್ದೋ ಬಿಪಿ ನೋಡ್ತಿದ್ರು. "ಪರವಾಗಿಲ್ಲ ಸರ್" ಅಂದ್ರು ಮೊದಲು. ಆಮೇಲೆ ಪಟ್ಟಿ ಸುತ್ತಿಡ್ತಾ, "ಅದು ನನ್ನ ನಂಬರ್ ಅಲ್ವಾ ಸರ್, ಒಂದು ಮಾತು ಹೇಳಿದ್ರೆ ಆಗ್ತಿತ್ತು" ಅಂದ್ರು. ಏನೂ ಉತ್ತರ ತೋಚಲಿಲ್ಲ.

ಸೋಮವಾರ ದೊಡ್ಡಪ್ಪನಿಗೆ ಹಾಡು ಬಂತು, ಮುಚ್ಚುಮರೆ ಇಲ್ಲದೆ, ಮುಂಬಾಗಿಲಿನಿಂದ. ಆದರೆ ಈಗ ದೊಡ್ಡಮ್ಮನ ಗುಂಡಿ ಕೆಲಸ ಮಾಡಲಿಲ್ಲ! ದೊಡ್ಡಪ್ಪ ತಾವೇ ಹಾಕಿದ್ರೆ ಹಾಡುತ್ತೆ, ದೊಡ್ಡಮ್ಮ ಒತ್ತಿದ್ರೆ ಇಲ್ಲ. ಈ ಸಲ ತಲೆ ಸರಿಯಾಗಿ ಓಡಿತು. ಹಾಡು ಹರಿಯೋ ದಾರಿ ಬೇರೆ, ಅಪ್ಪಣೆ ಹೋಗೋ ದಾರಿ ಬೇರೆ. ಅಪ್ಪಣೆಗೆ ವೆಬ್‌ಸಾಕೆಟ್ ಅನ್ನೋ ಸದಾ ತೆರೆದಿರೋ ಒಂದು ತಂತಿ ಬೇಕು. ಮೊದಲು ಬಾಗಿಲು ನೇರ ಇದ್ದಾಗ ಅದು ತಾನಾಗೇ ಹೋಗ್ತಿತ್ತು. ಮಧ್ಯೆ ಎಂಜಿನ್‌ಎಕ್ಸ್ ಕೂರಿಸಿದ ಮೇಲೆ ಅದಕ್ಕೆ "ಇವರನ್ನ ಬಿಡು" ಅಂತ ಎರಡು ಸಾಲು ಬರೆಯಬೇಕಿತ್ತು, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳು. ಮರೆತಿದ್ದೆ. ಬರೆದೆ. ದೊಡ್ಡಮ್ಮನ ಪಕ್ಕದಲ್ಲೇ ಕೂತು, "ಈಗ ಒತ್ತಿ" ಅಂದೆ.

ಒತ್ತಿದರು. ಟ್ಯಾಬ್ಲೆಟ್ ಮೇಲೆ ದೊಡ್ಡಪ್ಪನ ಫೋನಿನ ಹೆಸರಿನ ಮುಂದೆ ಹಾಡು ಓಡೋ ಗೆರೆ ಕಂಡಿತು. ದೊಡ್ಡಮ್ಮ ಯಾವುದನ್ನ ಹಾಕಿದ್ರು ಅಂತ ನೋಡಿದೆ. ಹಾಲಿನವನ ಚಿಲ್ಲರೆಯ ಟೇಪು. ಆ ಮಾತು ಬರೋ ಹೊತ್ತಿಗೆ ಗೆರೆ ನಿಂತುಹೋಯ್ತು. ಮತ್ತೆ ಕೆಟ್ಟಿತಾ ಅಂತ ನನಗೆ ಗಾಬರಿ. ನೋಡ್ತಿದ್ದ ಹಾಗೇ ಗೆರೆ ಅರ್ಧ ನಿಮಿಷ ಹಿಂದಕ್ಕೆ ಹೋಗಿ ಮತ್ತೆ ಓಡಿತು. ಇನ್ನೊಂದು ಸಲ ಹಿಂದಕ್ಕೆ ಹೋಯ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, "ಕುಕ್ಕರ್ ಇಡಬೇಕು" ಅಂತ ಎದ್ದು ಹೋದರು.

ಈಗ ಮೂರು ತಿಂಗಳಾಯ್ತು. ದೊಡ್ಡಪ್ಪ ಪೂರ್ತಿ 4 ಗಂಟೆ ಕೂರ್ತಾರೆ, ಹೆಚ್ಚುಕಡಿಮೆ. ಪಕ್ಕದ ಮಂಚದ ಒಬ್ಬರು ಮೇಷ್ಟ್ರಿಗೂ ಒಂದು ಕಿವಿಗೆ ಇಯರ್‌ಫೋನ್ ಕೊಡ್ತಾರಂತೆ. ಅವರಿಗೆ ಬೇಕಾದ ರಾಗವನ್ನ ದೊಡ್ಡಮ್ಮನಿಗೆ ಹಿಂದಿನ ದಿನವೇ ಹೇಳಿ ಹೋಗ್ತಾರೆ.

ಕಳೆದ ವಾರ ಮಾತ್ರ ಮಧ್ಯದಲ್ಲಿ ನಿಂತಿತು. ದೊಡ್ಡಪ್ಪ ಸಿಸ್ಟರ್ ಮೇಜಿನ ಲ್ಯಾಂಡ್‌ಲೈನ್‌ನಿಂದ ನನಗೆ ಫೋನ್ ಮಾಡಿಸಿದ್ರು. ನಾನು ಆಫೀಸಿನ ಮೀಟಿಂಗ್ ಬಿಟ್ಟು ಎದ್ದು ಸರ್ವರ್ ನೋಡಿದೆ, ಫೈರ್‌ವಾಲ್ ನೋಡಿದೆ, ಪ್ರಮಾಣಪತ್ರದ ಅವಧಿ ನೋಡಿದೆ. ಎಲ್ಲಾ ಸರಿಯಾಗಿತ್ತು. ಮನೆಯ ಪೆಟ್ಟಿಗೆ ಮಾತ್ರ ಸುದ್ದಿಯೇ ಇಲ್ಲ. ಸಂಜೆ ಬಂದು ನೋಡಿದರೆ, ಅಡುಗೆಮನೆಯ ಪ್ಲಗ್ ಕೆಟ್ಟಿತ್ತಂತೆ, ದೊಡ್ಡಮ್ಮ ಮಿಕ್ಸಿ ತಂದು ನಡುಮನೆಯ ಪ್ಲಗ್ಗಿಗೆ ಹಾಕಿ ಚಟ್ನಿ ರುಬ್ಬಿದ್ದಾರೆ. ಪೈ ಪೆಟ್ಟಿಗೆಯ ತಂತಿ ಕಿತ್ತು ಪಕ್ಕಕ್ಕೆ ಇಟ್ಟಿದ್ದು ಹಾಗೇ ಇತ್ತು.

ನಾನು ಏನೂ ಹೇಳಲಿಲ್ಲ. ಮಾರನೇ ದಿನ ನೋಡಿದರೆ ಆ ಪ್ಲಗ್ ಮೇಲೆ ಹಳೇ ಕ್ಯಾಸೆಟ್ಟಿನ ಚೀಟಿಯೊಂದನ್ನ ತಿರುಗಿಸಿ ಅಂಟಿಸಿದ್ದರು. ಮೇಲೆ ದೊಡ್ಡಮ್ಮನ ಅಕ್ಷರ: "ಇದು ಇವರದ್ದು. ತೆಗೀಬಾರದು."